ವ್ಯಾನಿಟಿ ಬ್ಯಾಗಿನಲ್ಲೊಂದು ರಿಕಾಪು

ನಮ್ಮ ಸೋದರತ್ತೆಯ ಜೊತೆ ಒಮ್ಮೆ ಬಟ್ಟೆ ಅಂಗಡಿಗೆ ಹೋದವರು ಎರಡನೆಯ ಸಲ ಹೋದ ಉದಾಹರಣೆ ನಮ್ಮ ವಂಶದಲ್ಲೇ ಇಲ್ಲ, ನನ್ನೊಬ್ಬಳನ್ನು ಬಿಟ್ಟು! ಹಾಗಂತ ನನ್ನನ್ನು ಧೈರ್ಯವಂತೆ ಎಂದುಕೊಳ್ಳಬೇಡಿ. ನನಗೆ ಯಾರಿಗೂ 'ಬರಲ್ಲ' ಎಂದು ಹೇಳಲು ಬಾಯಿ ಬರುವುದಿಲ್ಲ, ಅಷ್ಟೆ.

ಉಳಿದ ಹೆಂಗಸರು ಬಟ್ಟೆ ಅಂಗಡಿಯಲ್ಲಿ ಏನು ನೋಡುತ್ತಾರೆ? ಬಣ್ಣ, ಅಂಚು, ಪಕ್ಕದ ಮನೆಯವರ ಹತ್ತಿರ ಇಂಥದ್ದು ಇಲ್ಲವಷ್ಟೆ ಎಂಬುದು. ನಮ್ಮತ್ತೆ ಪ್ಯಾಂಟು ಹಾಕಿಕೊಂಡು ಟ್ರಯಲ್ ರೂಮಿನಿಂದ ಸೀದಾ ಅಂಗಡಿಯ ನಡುಮಧ್ಯಕ್ಕೆ ಬಂದು, ಕುಕ್ಕರಗಾಲಲ್ಲಿ ಹತ್ತು ಸಲ ಕೂತು ಏಳುತ್ತಾರೆ. ಆಮೇಲೆ ಎಡಗಾಲನ್ನು ಎತ್ತಿ, ಗಿರಾಕಿಗಳು ಕೂರಲೆಂದು ಇಟ್ಟಿರುವ ಸ್ಟೂಲಿನ ಮೇಲಿಟ್ಟು, ಬಲಗಾಲನ್ನು ಗಾಳಿಯಲ್ಲಿ ಅರ್ಧ ಸುತ್ತು ತಿರುಗಿಸುತ್ತಾರೆ. ಸೀರೆ ನೋಡುತ್ತಿದ್ದವರೆಲ್ಲ ಸೀರೆ ಬಿಟ್ಟು ಇವರನ್ನು ನೋಡುತ್ತಾರೆ. ಆಗ ಅತ್ತೆ ತೀರ್ಪು ಕೊಡುತ್ತಾರೆ: "ಇದು ಒಗ್ಗಾಕಿಲ್ಲ. ಕಾಲು ಎತ್ತಿದ್ರೆ ಹೊಟ್ಟೆ ಹಿಡ್ಕತದೆ."

ಅಂಗಡಿಯವರು ಮೆಲ್ಲಗೆ ಕೇಳುತ್ತಾರೆ: "ಮೇಡಂ, ಇಷ್ಟೆತ್ತರ ಕಾಲು ಯಾಕ್ ಎತ್ಬೇಕು?"

"ಕುದುರೆ ಎತ್ತರ ಇರ್ತದಪ್ಪ!"

ಅತ್ತೆಗೆ ಅರವತ್ತೆರಡು. ಮಾಗಡಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು. ಈಗ ರಾಮನಗರದ ನಮ್ಮ ಮನೆಯ ಮಹಡಿಯಲ್ಲಿದ್ದಾರೆ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಟೈಮ್ ಟೇಬಲ್‌ನಲ್ಲಿ ಪೀರಿಯಡ್ ಸಿಗ್ಲಿಲ್ಲ" ಎನ್ನುತ್ತಾರೆ. ಜಗತ್ತಿನಲ್ಲಿ ತಮಗೆ ತಿಳಿಯದ ವಿಷಯ ಇರಬಹುದು, ಆದರೆ ತಮಗೆ ಆಗದ ವಿಷಯ ಯಾವುದೂ ಇಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಆ ನಂಬಿಕೆಗೆ ಕುದುರೆ ಸಿಕ್ಕಿದ್ದು ಎರಡು ವರ್ಷದ ಹಿಂದೆ, ಕೂಟಗಲ್ಲಿನಲ್ಲಿ.

ಅತ್ತೆಯ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ನಾವಿಬ್ಬರೂ ಹೋಗಿದ್ದೆವು. ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ಪಕ್ಕದ ತೋಟದಲ್ಲಿ ಶೀಟಿನ ಲಾಯ ಕಟ್ಟಿಕೊಂಡು ನಾಲ್ಕು ಕುದುರೆ ಸಾಕಿದ್ದ ಪುಟ್ಟಸ್ವಾಮಣ್ಣ ಎಂಬುವರಿದ್ದರು. ಅವರು ಮದುವೆ ಮೆರವಣಿಗೆಗೆ ಕುದುರೆ ಕಳಿಸುತ್ತಾರೆ, ಭಾನುವಾರ ಬೆಂಗಳೂರಿನಿಂದ ಬರುವವರಿಗೆ ಸವಾರಿ ಕಲಿಸುತ್ತಾರೆ. "ಎಲೆ ಹಾಕೋ ಹೊತ್ಗೆ ಬಂದ್ಬುಡಾನ" ಎಂದು ಅತ್ತೆ ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಹೊಸ ಚಪ್ಪಲಿಯಲ್ಲಿ ಲಾಯದೊಳಕ್ಕೆ ನುಗ್ಗಿದರು.

ಅಲ್ಲಿದ್ದ ಕೆಂಪಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆ ಮೊದಲು ಅತ್ತೆಯನ್ನು ಮೂಸಿತು. ಆಮೇಲೆ ಮಲ್ಲಿಗೆಯನ್ನು ಮೂಸಿತು. ಆಮೇಲೆ ಮಲ್ಲಿಗೆಯನ್ನು ತಿಂದಿತು! ಹೂವಿನ ಜೊತೆ ಜಡೆಯ ತುದಿಯೂ ಬಾಯಿಗೆ ಹೋಗಿದ್ದರಿಂದ ಅತ್ತೆ ಕುತ್ತಿಗೆ ವಾಲಿಸಿಕೊಂಡು ನಿಲ್ಲಬೇಕಾಯಿತು. ಬಿಡಿಸಿಕೊಳ್ಳುವ ಗಡಿಬಿಡಿಯಲ್ಲಿ ಕೆಂಪಿ ಒಂದು ಹೆಜ್ಜೆ ಮುಂದಿಟ್ಟಿತು. ಅದರ ಲಾಳ ಹೊಡೆದ ಗೊರಸು ಬಂದು ಕೂತದ್ದು ಅತ್ತೆಯ ಹೆಬ್ಬೆರಳ ಮೇಲೆ.

ಬೇರೆ ಯಾರೇ ಆಗಿದ್ದರೂ ಕಿರುಚುತ್ತಿದ್ದರು. ಅತ್ತೆ ಮೂವತ್ತು ವರ್ಷ ಮೈದಾನದಲ್ಲಿ ಪಳಗಿದ ಗಂಟಲಿನಿಂದ, "ಹಿಂದಕ್ಕೆ ಸರಿ!" ಎಂದು ಆಜ್ಞೆ ಮಾಡಿದರು. ನಾಲ್ಕೂ ಕುದುರೆಗಳು ಹಿಂದಕ್ಕೆ ಸರಿದವು. ಪುಟ್ಟಸ್ವಾಮಣ್ಣನೂ ಸರಿದರು.

"ಮಾಪು ಮಾಡ್ಬೇಕು ಅಕ್ಕೋ, ಕುದ್ರೆ ಕಡೆಯಿಂದ ತೆಪ್ಪಾಗೋಯ್ತು" ಎಂದು ಅವರು ಕೈ ಮುಗಿದರೆ, ಅತ್ತೆ ನೀಲಿಗಟ್ಟುತ್ತಿದ್ದ ಹೆಬ್ಬೆರಳನ್ನೇ ನೋಡುತ್ತ ಹೇಳಿದರು: "ಕುದುರೇದೇನಪ್ಪ ತಪ್ಪು? ಅದರ ಮನೆಗೆ ಬಂದೋಳು ನಾನು. ತಪ್ಪು ನನ್ನ ಚಪ್ಪಲೀದು."

ಅಂದೇ ಕುಂಟುತ್ತಾ ಊಟಕ್ಕೆ ಕೂತಾಗ ಅತ್ತೆ ತಾವು ಸವಾರಿ ಕಲಿಯುವುದೆಂದು ತೀರ್ಮಾನಿಸಿದ್ದರು. ಹೋಳಿಗೆ ಬಡಿಸುವ ಹೊತ್ತಿಗೆ ಯಾವ ಯಾವ ದಿನ ಎಂಬುದೂ ನಿಶ್ಚಯವಾಗಿತ್ತು.

ಕಲಿಯುವುದೇನೋ ಸರಿ, ಏನು ತೊಟ್ಟುಕೊಂಡು ಕಲಿಯುವುದು? ಮೊದಲ ದಿನ ಅತ್ತೆ ಸ್ಕೂಲಿನ ಕಾಲದ ನೈಲಾನ್ ಟ್ರ್ಯಾಕ್ ಸೂಟು ಧರಿಸಿ ಹೋದರು. ಅದು ನಡೆದರೆ ಸರಸರ, ಕೂತರೆ ಜರಜರ. ಆ ಸದ್ದಿಗೆ ಕೆಂಪಿ ಕಿವಿ ಹಿಂದಕ್ಕೆ ಹಾಕಿಕೊಂಡು ನಿಂತಲ್ಲೇ ಸುತ್ತು ತಿರುಗಿತಂತೆ. ಸಾಲದ್ದಕ್ಕೆ ಕುದುರೆಯ ಬೆನ್ನಿಗೆ ಕಟ್ಟುವ ಜೀನಿನ ಮೇಲೆ ನೈಲಾನು ಜಾರಿ, "ಬೆಣ್ಣೆ ಉಂಡೆ ಮೇಲೆ ಕುಂತಂಗಾಯ್ತು ಕಣಮ್ಮಿ" ಎಂದು ಮನೆಗೆ ಬಂದು ಹೇಳಿದರು. ಎರಡನೆಯ ದಿನ ಸಲ್ವಾರ್ ಕಮೀಜು. ಹತ್ತುವುದೇನೋ ಸುಸೂತ್ರವಾಗಿ ಆಯಿತು. ಇಳಿಯುವಾಗ ಕಮೀಜಿನ ಹಿಂಭಾಗ ಜೀನಿಗೆ ಸಿಕ್ಕಿಕೊಂಡಿತು. ಅತ್ತೆ ಇಳಿದರು, ಕಮೀಜು ಇಳಿಯಲಿಲ್ಲ! ಪುಟ್ಟಸ್ವಾಮಣ್ಣ ದೊಡ್ಡ ಮನುಷ್ಯ. ಮುಖವನ್ನು ತೆಂಗಿನ ಮರದ ಕಡೆ ತಿರುಗಿಸಿಕೊಂಡು, ಲಗಾಮನ್ನು ಮಾತ್ರ ಗಟ್ಟಿಯಾಗಿ ಹಿಡಿದು ನಿಂತಿದ್ದರಂತೆ.

ಮೂರನೆಯ ದಿನ ಅತ್ತೆ ಲಾಯಕ್ಕೆ ಹೋಗಲಿಲ್ಲ. ನನ್ನನ್ನು ಎಳೆದುಕೊಂಡು, ಮೊದಲೇ ಹೇಳಿದ ಬಟ್ಟೆ ಅಂಗಡಿಗಳ ಸುತ್ತು ಮುಗಿಸಿ, ಟೈಲರ್ ಮಾಸ್ಟರ್ ಹತ್ತಿರ ಹೋದರು.

ಮಾಸ್ಟರ್ ನಮ್ಮ ಬೀದಿಯವರೇ. ಊರಿನ ಅರ್ಧ ಜನರ ಸೊಂಟದ ಅಳತೆ ಅವರಿಗೆ ಬಾಯಿಪಾಠ. ಅತ್ತೆ ಕೇಳಿದ್ದು ಇಷ್ಟೆ: ಮಂಡಿಯ ಒಳಮಗ್ಗುಲಿನಲ್ಲಿ ದಪ್ಪ ಹೊಲಿಗೆ ಇರಬಾರದು, ಅದು ಜೀನಿಗೆ ಉಜ್ಜಿ ಚರ್ಮ ಕಿತ್ತು ಬರುತ್ತದೆ. ಮೈಗೆ ಅಂಟಿರಬೇಕು, ಆದರೆ ಉಸಿರು ಕಟ್ಟಿಸಬಾರದು. ಬಟ್ಟೆ ಗಟ್ಟಿ ಹತ್ತಿಯದಾಗಿರಬೇಕು, ಒಸಿ ಎಳೆದರೆ ಹಿಗ್ಗಬೇಕು. ಹಿಂದಿನ ಜೇಬು ಬೇಡವೇ ಬೇಡ.

ಮಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ಮೇಡಂ, ಮೀಸೆ ಬರೋಕ್ಮುಂಚಿಂದ ಪ್ಯಾಂಟ್ ಹೊಲೀತಾ ಇದೀನಿ. ಒಳಗಡೆ ಹೊಲಿಗೆ ಇಲ್ದಿರೋ ಪ್ಯಾಂಟ್ ಆಗಲ್ಲ. ಎರಡು ಕಾಲು ಹೆಂಗೆ ಆಗ್ಬೇಕು? ಲುಂಗಿ ಆಗ್ತದೆ."

"ಹೊಲಿಗೆ ಬ್ಯಾಡ ಅನ್ನಲಿಲ್ಲ ಮಾಸ್ಟ್ರೇ. ಜಾಗ ಬದಲಾಯ್ಸಿ ಅಂದೆ. ನೋಡಿ ಇಲ್ಲಿ!" ಎಂದವರೇ, ಅತ್ತೆ ಮಾಸ್ಟರ್ ಕೂರುವ ಬೆಂಚಿನ ಮೇಲೆ ಕುದುರೆ ಹತ್ತಿದ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತುಬಿಟ್ಟರು. ಕೈಯಲ್ಲಿ ಅಳತೆ ಟೇಪಿನ ಲಗಾಮು. "ಈಗ ನಾನು ಹೋಗ್ತಾ ಇದೀನಿ. ಎಲ್ಲೆಲ್ಲಿ ಉಜ್ತದೆ ನೀವೇ ಹೇಳಿ." ರವಿಕೆ ಕೊಡಲು ಬಂದಿದ್ದ ಇಬ್ಬರು ಹೆಂಗಸರು ಬಾಗಿಲಲ್ಲೇ ನಿಂತರು. ಮಾಸ್ಟರ್ ಮಾತ್ರ ಕಸುಬಿನವರು. ಎರಡು ನಿಮಿಷ ಸುಮ್ಮನೆ ನೋಡಿದರು, ಚಾಕ್ ಪೀಸು ಎತ್ತಿಕೊಂಡರು. ಹೊಲಿಗೆಯನ್ನು ಮುಂದಕ್ಕೆ ಸರಿಸಿ, ಒಳಮಗ್ಗುಲಿಗೆ ಒಂದೇ ಅಗಲ ತುಂಡು ಕೊಟ್ಟರು. ಅಳತೆಯನ್ನು ನಿಂತಾಗ ಒಂದು, ಕೂತಾಗ ಒಂದು ಎಂದು ಎರಡೆರಡು ಸಲ ತೆಗೆದುಕೊಂಡರು.

"ಮಂಡಿ ಹತ್ರ ಚರ್ಮದ ತೇಪೆ ಇದ್ರೆ ಜೀನು ಚೆನ್ನಾಗಿ ಹಿಡೀತದೆ" ಎಂದು ಅತ್ತೆ ಮನೆಗೆ ಹೋಗಿ ಒಂದು ಮೆದು ಚರ್ಮದ ಬ್ಯಾಗು ತಂದರು. ನನಗೆ ಗುರುತು ಸಿಕ್ಕಿತು. ಅದು ಅವರ ಬೀಳ್ಕೊಡುಗೆಯಲ್ಲಿ ಶಾಲೆಯವರೆಲ್ಲ ಸೇರಿ ಕೊಟ್ಟಿದ್ದ ಬ್ಯಾಗು! "ಅತ್ತೆ, ಪ್ರೀತಿಯಿಂದ ಕೊಟ್ಟಿದ್ದು, ಕತ್ತರಿಸ್ತೀರಾ?" ಎಂದರೆ, "ಬೀರುವಿನಲ್ಲಿದ್ರೆ ಅವರು ನೆನಪಾಗಾಕಿಲ್ಲ ಕಣಮ್ಮಿ. ಈಗ ಕುಂತಾಗಲೆಲ್ಲ ನೆನಪಾಗ್ತಾರೆ" ಎಂದರು. ಶಾಲೆಯ ಮುಖ್ಯೋಪಾಧ್ಯಾಯರಿಗೆ ಈ ವಿಷಯ ಇನ್ನೂ ತಿಳಿದಿಲ್ಲ. ದಯವಿಟ್ಟು ನೀವೂ ಹೇಳಬೇಡಿ.

ಪ್ಯಾಂಟಾಯಿತು. ಕಾಲಿಗೆ? ಇಲ್ಲಿಂದ ಶುರುವಾಯಿತು ನೋಡಿ ನನ್ನ ನಿಜವಾದ ಪರೀಕ್ಷೆ.

ಒಂದು ಶನಿವಾರ ಬೆಳಿಗ್ಗೆ ಅತ್ತೆ ವ್ಯಾನಿಟಿ ಬ್ಯಾಗು ತೂಗುಹಾಕಿಕೊಂಡು ಹೊರಟರು. ಬ್ಯಾಗು ಯಾಕೋ ಒಂದು ಕಡೆ ವಾಲುತ್ತಿತ್ತು. ಮೊದಲ ಅಂಗಡಿಯಲ್ಲಿ ಅತ್ತೆ ಬ್ಯಾಗು ತೆರೆದು, ಕರವಸ್ತ್ರ, ಕನ್ನಡಕ, ಬಸ್ ಟಿಕೆಟುಗಳ ನಡುವಿನಿಂದ ಒಂದು ಕಬ್ಬಿಣದ ಬಳೆಯಂಥದ್ದನ್ನು ತೆಗೆದು ಗಾಜಿನ ಮೇಜಿನ ಮೇಲೆ ಠಣ್ಣನೆ ಇಟ್ಟರು. ಅಂಗಡಿಯವರು ಒಂದು ಹೆಜ್ಜೆ ಹಿಂದೆ ಸರಿದರು.

"ಇದೇನ್ ಮೇಡಂ?"

"ರಿಕಾಪು. ಕುದುರೆ ಮೇಲೆ ಕುಂತಾಗ ಕಾಲು ಇಡೋದು. ನಿಮ್ಮ ಶೂ ಇದರೊಳಗೆ ಹೋಗಬೇಕು, ಸಲೀಸಾಗಿ ವಾಪಸ್ ಬರಬೇಕು. ಹೋಗಿ ಸಿಕ್ಕಾಕೊಂಡ್ರೆ ನಾನು ಕೆಳಗೆ, ಕುದುರೆ ಮುಂದಕ್ಕೆ!"

ಅವರು ಸ್ಪೋರ್ಟ್ಸ್ ಶೂ ತೋರಿಸಿದರು. ಅತ್ತೆ ಅದರ ತಳ ತಿರುಗಿಸಿ, ಟ್ರ್ಯಾಕ್ಟರ್ ಟೈರಿನಂಥ ಗೀರುಗಳ ಮೇಲೆ ಬೆರಳಾಡಿಸಿ, "ಇದು ಕಬ್ಬಿಣಾನ ಕಚ್ಕತದೆ. ಹಿಮ್ಮಡಿ ಬೇರೆ ಇಲ್ಲ, ಕಾಲು ಮುಂದಕ್ಕೆ ಜಾರೋಯ್ತದೆ" ಎಂದರು. ಗಮ್‌ಬೂಟು ತೋರಿಸಿದರು. "ಇದು ಲಾಯ ತೊಳೆಯೋಕೆ ಸರಿ, ಲದ್ದಿ ಗಂಜಳ ಏನೂ ಹತ್ತಾಕಿಲ್ಲ. ಒಂದು ಜೊತೆ ಕೊಡಿ. ಸವಾರಿಗಾಗಲ್ಲ, ಅಗಲ ಜಾಸ್ತಿ" ಎಂದರು. ದಾರ ಕಟ್ಟುವ ಬೂಟು ತೋರಿಸಿದರೆ ದಾರ ಸಿಕ್ಕಿಕೊಳ್ಳುತ್ತದೆಂದರು. ಚರ್ಮದ ಸ್ಯಾಂಡಲ್ ತೋರಿಸಿದಾಗ ಮಾತೇ ಆಡದೆ ತಮ್ಮ ಹೆಬ್ಬೆರಳು ತೋರಿಸಿದರು.

ರಾಮನಗರದಲ್ಲಿ ನಾಲ್ಕು ಅಂಗಡಿ, ಚನ್ನಪಟ್ಟಣದಲ್ಲಿ ಮೂರು. ಪ್ರತಿ ಅಂಗಡಿಯಲ್ಲೂ ಠಣ್ಣನೆ ರಿಕಾಪು! ಕೊನೆಗೆ ಚನ್ನಪಟ್ಟಣದ ಒಂದು ಯೂನಿಫಾರಂ ಅಂಗಡಿಯ ಅಟ್ಟದ ಮೇಲಿನಿಂದ ಧೂಳು ಹೊದ್ದ ಒಂದು ಜೊತೆ ಇಳಿದು ಬಂತು. ಗಿಣ್ಣಿನ ಮೇಲೆ ನಾಲ್ಕು ಬೆರಳು ಎತ್ತರದ ಕರಿ ಚರ್ಮ, ಪಕ್ಕದಲ್ಲಿ ಎಲಾಸ್ಟಿಕ್, ತಳ ನಯ, ಹಿಂದೆ ಒಂದು ಬೆರಳಿನಷ್ಟು ಹಿಮ್ಮಡಿ. ರಿಕಾಪಿನೊಳಗೆ ಹಾಕಿದರೆ ಎರಡೂ ಪಕ್ಕ ಒಂದೊಂದು ಬೆರಳು ಆಡುವಷ್ಟು ಜಾಗ. ಅತ್ತೆಯ ಮುಖ ವಧು ಸಿಕ್ಕ ಮನೆಯವರ ಮುಖದಂತಾಯಿತು.

ಅಂಗಡಿಯವರಿಗೆ ಮನಸ್ಸಾಕ್ಷಿ ಚುಚ್ಚಿತು. "ಮೇಡಂ, ಇದು ಜೆಂಟ್ಸ್‌ದು."

"ಕಾಲ್ಗೆ ಗೊತ್ತಾಯ್ತದಾ?" ಎಂದರು ಅತ್ತೆ.

ಇಷ್ಟೆಲ್ಲ ಆದರೂ ಅಪ್ಪನಿಗೆ ವಿಷಯ ಗೊತ್ತಿರಲಿಲ್ಲ. ಅಪ್ಪ ಅತ್ತೆಯ ತಮ್ಮ. ಅಕ್ಕನೆಂದರೆ ಭಕ್ತಿ, ಜನರೆಂದರೆ ಭಯ. ಒಂದು ಸೋಮವಾರ ನಮ್ಮ ಸಂಬಂಧಿಕರ ಮಗುವಿಗೆ ಕೆಂಗಲ್ ಆಂಜನೇಯನ ಗುಡಿಯಲ್ಲಿ ಮುಡಿ ಕೊಡುವುದಿತ್ತು. ತಡವಾಯಿತೆಂದು ಅತ್ತೆ ಲಾಯದಿಂದ ನೇರ ಬಂದಿಳಿದರು. ತೇಪೆಯ ಪ್ಯಾಂಟು, ಒಳಗೆ ಸಿಕ್ಕಿಸಿದ ಅರ್ಧ ತೋಳಿನ ಅಂಗಿ, ಕೈಗೆ ಗ್ಲೌಸು, ಕಂಕುಳಲ್ಲಿ ಕರಿ ಟೋಪಿಯಂಥ ಹೆಲ್ಮೆಟ್ಟು, ಮೈಯಿಂದ ಕುದುರೆಯ ಪರಿಮಳ. ಬಾಗಿಲಲ್ಲಿ ಬೂಟು ಬಿಟ್ಟು ಒಳಬಂದು ಶಾಂತವಾಗಿ ಕೈ ಮುಗಿದರು. ನೆಂಟರೆಲ್ಲ ದೇವರಿಗೆ ಬೆನ್ನು ಹಾಕಿ ಇವರ ಕಡೆ ತಿರುಗಿದರು.

ಮನೆಗೆ ಬಂದ ಮೇಲೆ ಅಪ್ಪ ಶುರು ಮಾಡಿದರು. "ಅಕ್ಕಾ, ಏನಕ್ಕಾ ಇದು ಏಸ? ಜನ ಏನಂದ್ಕೊಂಡಾರು?"

"ಏನಂದ್ರು?"

"ಪೊಲೀಸ್ ಡಿಪಾರ್ಟ್‌ಮೆಂಟಾ ಅಂತ ಕೇಳಿದ್ರು!"

"ಹೌದು ಅನ್ನಬೇಕಿತ್ತು ಕಣ್ಲಾ, ಊಟಕ್ಕೆ ಮೊದಲ ಪಂಕ್ತೀಲೇ ಕೂರಿಸೋರು!"

ಮಾರನೆಯ ದಿನ ಅಂಗಳದಲ್ಲಿ ಯಾರಿಗೂ ಕಾಣದಂತೆ ಆ ಬೂಟಿಗೆ ಪಾಲಿಷ್ ಹಾಕುತ್ತಿದ್ದವರು ಅಪ್ಪನೇ ಎಂಬುದನ್ನು ನಾನು ನೋಡಿದ್ದೇನೆ.

ಇನ್ನು ನನ್ನ ಕಥೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎಷ್ಟೋ ರಾಜರ ಅಶ್ವದಳದ ಬಗ್ಗೆ ಪಾಠ ಮಾಡಿದ್ದರೂ ಒಂದು ಅಶ್ವವನ್ನೂ ಮುಟ್ಟಿರಲಿಲ್ಲ. "ಬಾರಮ್ಮಿ, ಒಂದಿನ" ಎಂದು ಅತ್ತೆ ಕರೆದಾಗ, ಮೊದಲೇ ಹೇಳಿದೆನಲ್ಲ, ಬರಲ್ಲ ಎನ್ನಲು ಬಾಯಿ ಬರಲಿಲ್ಲ. ಅತ್ತೆಯ ಉಪದೇಶ ಕೇಳದೆ, ಜೀನ್ಸ್ ಪ್ಯಾಂಟು, ಉದ್ದದ ದುಪಟ್ಟಾ, ಕೈತುಂಬ ಬಳೆ, ಒಸಿ ಸೆಂಟು ಹಾಕಿಕೊಂಡು ಹೋದೆ. ಲಾಯದ ಬಾಗಿಲಲ್ಲೇ ಅತ್ತೆ ನನ್ನನ್ನು ತಡೆದು, ದುಪಟ್ಟಾ ಕಿತ್ತುಕೊಂಡರು, ಬಳೆ ತೆಗೆಸಿದರು, ಸೆಂಟನ್ನು ಮಾತ್ರ ತೆಗೆಯಲಾಗಲಿಲ್ಲ. ಕೆಂಪಿ ನನ್ನ ಕುತ್ತಿಗೆ ಮೂಸಿ ಮೂರು ಸಲ ಸೀನಿತು, ನನ್ನ ಮೇಲೆಯೇ!

"ಜೀನ್ಸ್ ಬ್ಯಾಡ ಅಂದಿದ್ದೆ. ಒಳಗಡೆ ಹೊಲಿಗೆ ಹಗ್ಗ ಇದ್ದಂಗೈತೆ" ಎಂದರು ಅತ್ತೆ.

"ಅರ್ಧ ಗಂಟೆ ತಾನೆ ಅತ್ತೆ" ಎಂದೆ ನಾನು.

ಆ ಅರ್ಧ ಗಂಟೆಯ ಪರಿಣಾಮ ಮೂರು ದಿನ ಇತ್ತು. ತೊಡೆಯ ಒಳಗೆ ಚರ್ಮ ಸುಲಿದು, ಎರಡು ಕಾಲಿನ ನಡುವೆ ಅದೃಶ್ಯವಾದ ಡ್ರಮ್ಮೊಂದನ್ನು ಇಟ್ಟುಕೊಂಡವಳಂತೆ ನಡೆಯುತ್ತಾ ಕ್ಲಾಸಿಗೆ ಹೋದೆ. ಹಿಂದಿನ ಬೆಂಚಿನಿಂದ ಯಾರೋ, "ಮೇಡಂ ಯುದ್ಧದಿಂದ ವಾಪಸ್ ಬಂದವ್ರೆ" ಅಂದರು. ಆ ಸಂಜೆಯೇ ನಾನು ಟೈಲರ್ ಮಾಸ್ಟರ್ ಅಂಗಡಿಯಲ್ಲಿದ್ದೆ. "ನಿಮಗೂ ಅದೇನಾ?" ಎಂದು ಅವರು ಬೆಂಚು ಖಾಲಿ ಮಾಡಿಕೊಟ್ಟರು.

ಹೀಗೆ ಊರಿನಲ್ಲಿ ಅತ್ತೆಯ ಮಾತಿಗೆ ಬೆಲೆ ಬಂತು. ಭಾನುವಾರ ಬೆಂಗಳೂರಿನಿಂದ ಬರುವವರು ಚಡ್ಡಿಯಲ್ಲಿ, ಹವಾಯಿ ಚಪ್ಪಲಿಯಲ್ಲಿ ಕುದುರೆ ಹತ್ತಲು ಬಂದರೆ ಪುಟ್ಟಸ್ವಾಮಣ್ಣ, "ನಮ್ಮಕ್ಕ ಬಯ್ತಾರೆ ಸಾ" ಎಂದು ವಾಪಸ್ಸು ಕಳಿಸತೊಡಗಿದರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ಒಂದು ಬೋರ್ಡು ಬರೆಸೋಣವೆಂದು ಅತ್ತೆ ಒಂದು ಹಾಳೆಯಲ್ಲಿ ನಿಯಮಗಳನ್ನು ಬರೆದರು. ತೂಗಾಡುವುದು ಯಾವುದೂ ಬೇಡ, ಅದು ಕೂದಲಾಗಲಿ ಸೆರಗಾಗಲಿ ಮಾತಾಗಲಿ. ಸ್ಕೂಟರಿನ ಹೆಲ್ಮೆಟ್ಟು ಸ್ಕೂಟರಿಗೆ. ಮಳೆಗಾಲದಲ್ಲಿ ಪಟಪಟ ಎನ್ನುವ ರೇನ್‌ಕೋಟು ಹಾಕಿ ಬಂದರೆ ಕುದುರೆ ಓಡಿದ ದಿಕ್ಕಿಗೆ ನಾವು ಜವಾಬ್ದಾರರಲ್ಲ. ಹೀಗೆ ಸಾಗಿತ್ತು. ಅದನ್ನು ಟೈಪು ಮಾಡಿಸಿ ಲ್ಯಾಮಿನೇಷನ್ ಮಾಡಿಸಬೇಕಿತ್ತು. ಅದೇ ವಾರ ಅತ್ತೆಗೆ ಪೆನ್ಷನ್ ಕಾಗದದ ಕೆಲಸ ಮಾಗಡಿಯಲ್ಲಿದ್ದುದರಿಂದ ಅಲ್ಲೇ ಮಾಡಿಸೋಣವೆಂದು ಬಸ್ಸು ಹತ್ತಿದೆವು.

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಿಕ್ಕ ಜೆರಾಕ್ಸ್ ಅಂಗಡಿ. ಕಂಪ್ಯೂಟರ್ ಮುಂದೆ ಕೂತಿದ್ದ ಹೆಂಗಸಿಗೆ ನನ್ನ ವಯಸ್ಸೇ, ಮೂವತ್ತೈದರ ಆಸುಪಾಸು. ಹಾಳೆ ತೆಗೆದುಕೊಂಡವಳು ತಲೆ ಎತ್ತಿ, "ಅಯ್ಯೋ, ಮಿಸ್!" ಎಂದು ಎದ್ದು ನಿಂತಳು. ಎದ್ದ ಮೇಲೆ ತಿಳಿಯಿತು, ಅವಳ ಎಡಗಾಲು ಸಣ್ಣದು, ಗಿಡ್ಡದು. ಎಡಗಾಲಿನ ಚಪ್ಪಲಿಗೆ ಮೂರು ಬೆರಳು ದಪ್ಪದ ತಳ ಹೊಡೆಸಿದ್ದಳು. "ಗಿರಿಜಾ, ಮಿಸ್. ನಿಮ್ಮ ಸ್ಕೂಲು. ಪೋಲಿಯೋ ಗಿರಿಜಾ ಅಂತಿದ್ರಲ್ಲ ಎಲ್ಲ" ಎಂದು ನಕ್ಕಳು.

ಅತ್ತೆ, "ಗೊತ್ತಾಯ್ತು" ಎಂದರು. ಅಷ್ಟೇ! ಎಲ್ಲಿ ಹೋದರೂ ಹತ್ತು ಮಾತಾಡುವ ಅತ್ತೆ ಅಷ್ಟಕ್ಕೇ ನಿಲ್ಲಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಗಿರಿಜಾ ಟೈಪು ಮಾಡುತ್ತಾ ಒಂದೊಂದು ಸಾಲಿಗೂ ನಗುತ್ತಿದ್ದಳು. ಮುಗಿಸಿ, ಬಿಸಿ ಲ್ಯಾಮಿನೇಷನ್ ಹಾಳೆಯನ್ನು ಕೈಗಿಡುತ್ತ ತಮಾಷೆಗೆಂಬಂತೆ ಕೇಳಿದಳು: "ಇದರಲ್ಲಿ ಬರೀಲೇ ಇಲ್ವಲ್ಲ ಮಿಸ್. ನನ್ನಂಥೋರು ಹತ್ಬೋದಾ?"

ಅತ್ತೆ ಹಾಳೆಯನ್ನೇ ನೋಡುತ್ತಿದ್ದರು. ಆಮೇಲೆ, "ನಿನ್ನ ಕಾಲು ತೋರ್ಸು" ಎಂದರು. ಅಂಗಡಿಯ ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತು, ಎರಡು ಬಿಳಿ ಹಾಳೆ ಹಾಸಿ, ಅವಳ ಎರಡೂ ಪಾದಗಳ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಂಡರು. "ಅಯ್ಯೋ ಬ್ಯಾಡಿ ಮಿಸ್, ನೀವು ನನ್ನ ಕಾಲು ಮುಟ್ಟದಾ!" ಎಂದು ಅವಳು ಎಳೆದುಕೊಂಡರೆ, "ಅಲ್ಲಾಡಬ್ಯಾಡ, ಗೆರೆ ಸೊಟ್ಟ ಆಯ್ತದೆ" ಎಂದು ಗದರಿದರು.

ಮುಂದಿನ ಎರಡು ವಾರ ಅತ್ತೆಯ ಕೋಣೆಯ ದೀಪ, ಫ್ಯಾನು, ಬಾಯಿ ಎಲ್ಲಾ ಅದೇ ವಿಷಯಕ್ಕೆ ಮೀಸಲು. ದಪ್ಪ ತಳದ ಬೂಟು ಮಾಡಿಸಿದರೆ ರಿಕಾಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ತಳ ತೆಳುವಾದರೆ ಕಾಲು ರಿಕಾಪಿಗೆ ಎಟಕುವುದಿಲ್ಲ. ಚಮ್ಮಾರರೊಬ್ಬರು ತಳ ಟೊಳ್ಳು ಮಾಡಿಕೊಡುತ್ತೇನೆಂದರು. ಅದು ಒತ್ತಿದರೆ ಕುಸಿಯಿತು. ಪುಟ್ಟಸ್ವಾಮಣ್ಣ ಒಂದು ದಿನ ಸಂಕೋಚದಿಂದಲೇ ಬಾಯಿಬಿಟ್ಟರು: "ಅಕ್ಕೋ, ಕಾಲು ಯಾಕೆ ಉದ್ದ ಮಾಡ್ತೀರಿ? ರಿಕಾಪಿನ ಪಟ್ಟೀನೇ ಗಿಡ್ಡ ಮಾಡಿದ್ರಾಯ್ತಲ್ಲ. ಎಡಗಡೆ ನಾಕು ತೂತು ಮೇಲಕ್ಕೆ ಹೊಡ್ದುಬುಟ್ರೆ ತಾನಾಗೇ ಎಟಕ್ತದೆ."

ಅತ್ತೆ ಕೇಳಿದರು: "ನಿನಗೆ ಇದು ಯಾವಾಗ ಹೊಳೀತು?"

"ಮೊದಲ ದಿನಾನೇ. ನೀವು ಮಾತಾಡ್ತಾ ಇದ್ರಲ್ಲ, ಮಧ್ಯ ಬಾಯಾಕ್ಲಿಲ್ಲ."

ಹಾಗೆ ಬೂಟು ಮಾಮೂಲಿಯದೇ ಸಾಕಾಯಿತು. ಆದರೆ ಎರಡು ಪಾದದ ಅಳತೆ ಬೇರೆ ಬೇರೆ. ಮತ್ತೆ ಚನ್ನಪಟ್ಟಣದ ಅದೇ ಯೂನಿಫಾರಂ ಅಂಗಡಿ. ಅಂಗಡಿಯವರು ಅತ್ತೆಯನ್ನು ನೋಡಿದ್ದೇ ಮೇಜಿನ ಗಾಜಿನ ಮೇಲೆ ಒಂದು ಬಟ್ಟೆ ಹಾಸಿದರು.

"ಎಡಗಾಲ್ಗೆ ಮೂರು, ಬಲಗಾಲ್ಗೆ ಐದು" ಎಂದರು ಅತ್ತೆ.

"ಹಂಗೆ ಕಂಪನಿ ಮಾಡಲ್ಲ ಮೇಡಂ."

"ದೇವರು ಮಾಡವ್ನೆ, ಕಂಪನಿ ಯಾಕ್ ಮಾಡಲ್ಲ?"

ಅತ್ತೆ ಎರಡು ಜೊತೆ ಕೊಂಡರು. ಉಳಿದ ಎರಡು ಬೂಟುಗಳನ್ನು ಅಂಗಡಿಯಲ್ಲೇ ಬಿಟ್ಟು, "ಇಂಥದ್ದೇ ಅಳತೆ ಅದಲುಬದಲಾಗಿರೋರು ಇನ್ನೊಬ್ಬರು ಬಂದೇ ಬತ್ತಾರೆ, ಅವರಿಗೆ ಕೊಡಿ" ಎಂದರು. ಬರುತ್ತಾರೆಂಬ ವಿಷಯದಲ್ಲಿ ಅವರಿಗೆ ಯಾವ ಅನುಮಾನವೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಗಿರಿಜಾ ಬಂದಳು. ಮಾಸ್ಟರ್ ಹೊಲಿದ ಪ್ಯಾಂಟು ತೊಟ್ಟಿದ್ದಳು. ಮೇವಿನ ಮೂಟೆಯ ಮೇಲೆ ಕೂತು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡಳು. "ಮಿಸ್, ಬಿದ್ದರೆ?" ಎಂದಳು. "ಬಿದ್ದರೆ ಕಾಲು ರಿಕಾಪಿನಿಂದ ತಾನಾಗಿ ಆಚೆ ಬತ್ತದೆ. ನಾನು ನೂರು ಸಲ ನೋಡಿದೀನಿ. ಪುಟ್ಟಸ್ವಾಮಿ ಕೆಂಪೀನ ಹಿಡ್ಕೊಂಡೇ ಇರ್ತಾನೆ. ಹತ್ತು" ಎಂದರು ಅತ್ತೆ. ಸಿಮೆಂಟ್ ಕಟ್ಟೆಯ ಮೇಲೆ ನಿಂತು, ನನ್ನ ಭುಜ ಹಿಡಿದು, ಎಡಗಾಲನ್ನು ರಿಕಾಪಿನಲ್ಲಿಟ್ಟು ಹತ್ತಲು ನೋಡಿದಳು. ಮೊದಲ ಸಲ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಎಡಗಾಲು ಮೈಭಾರ ಹೊರದೆ ಮಡಚಿಕೊಂಡಿತು. ಗಿರಿಜಾಳ ಕಣ್ಣಲ್ಲಿ ನೀರು ತುಂಬಿತು. "ಆ ಕಡೆಯಿಂದ ಹತ್ತಿಸಾನ" ಎಂದು ಅತ್ತೆ ಕೆಂಪಿಯನ್ನು ತಿರುಗಿಸಿ ನಿಲ್ಲಿಸಿದರು. ಅವಳು ಬಲಗಾಲನ್ನು ರಿಕಾಪಿನಲ್ಲಿ ಗಟ್ಟಿಯಾಗಿ ಊರಿದಳು, ಎಡಗಾಲನ್ನು ನಾನೂ ಅತ್ತೆಯೂ ಸೇರಿ ದಾಟಿಸಿದೆವು. ಗಿರಿಜಾ ಜೀನಿನ ಮೇಲೆ ಕೂತಳು!

ಕೂತ ಮೇಲೆ ಕೆಳಗೆ ನೋಡಿಕೊಂಡಳು. ಈ ಕಡೆ ಒಂದು ಬೂಟು, ಆ ಕಡೆ ಒಂದು ಬೂಟು, ಎರಡೂ ಒಂದೊಂದು ರಿಕಾಪಿನಲ್ಲಿ. "ಅಯ್ಯೋ ಮಿಸ್, ಕಾಲು ಯಾವುದು ಗಿಡ್ಡ ಅಂತ್ಲೇ ಗೊತ್ತಾಗ್ತಿಲ್ಲ" ಎಂದಳು. ಪುಟ್ಟಸ್ವಾಮಣ್ಣ ಲಗಾಮು ಹಿಡಿದು ನಡೆದರು. ಒಂದು ಸುತ್ತಿಗೆ ಬೆನ್ನು ನೆಟ್ಟಗಾಯಿತು, ಎರಡನೆಯದಕ್ಕೆ ನಗು ಬಂತು, ಮೂರನೆಯದಕ್ಕೆ ಅವಳು ಕೆಂಪಿಯ ಜೊತೆ ಮಾತಾಡತೊಡಗಿದ್ದಳು.

ನಾನು ಅತ್ತೆಯ ಕಡೆ ತಿರುಗಿದೆ, ಏನಾದರೂ ಜಂಬದ ಮಾತು ಬರುತ್ತದೆಂದು. ಅತ್ತೆ ಬೇಲಿಯ ಪಕ್ಕ ಬಿಸಿಲಲ್ಲಿ ನಿಂತಿದ್ದರು. ಕೈಯಲ್ಲಿ ಗಿರಿಜಾಳ ಎರಡು ಚಪ್ಪಲಿ, ಒಂದು ದಪ್ಪದ್ದು, ಒಂದು ತೆಳ್ಳನೆಯದು.

"ಅತ್ತೆ, ಅದನ್ಯಾಕೆ ಹಿಡ್ಕೊಂಡಿದೀರಿ? ಇಲ್ಲಿ ಯಾರು ಕದೀತಾರೆ, ಕೆಳಗಿಡಿ" ಎಂದೆ.

ಅವರು ಇಡಲಿಲ್ಲ. ಗಿರಿಜಾಳ ಕಡೆ ನೋಡುತ್ತಲೇ ಹೇಳಿದರು: "ಎಂಟ್ನೇ ಕ್ಲಾಸು, ಒಂಬತ್ತು, ಹತ್ತು. ಮೂರು ವರ್ಷ ಕಣಮ್ಮಿ. ನನ್ನ ಪೀರಿಯಡ್ ಬೆಲ್ ಹೊಡೆದ್ರೆ ಎಲ್ಲಾ ಹುಡುಗೀರೂ ಚಪ್ಪಲಿ ಬಿಟ್ಟು ಫೀಲ್ಡ್‌ಗೆ ಓಡೋರು. ಇವಳ್ಗೆ ಮಾತ್ರ, 'ನೀನು ಇಲ್ಲೇ ಕುಂತ್ಕೊ, ಎಲ್ಲಾರ್ ಚಪ್ಪಲೀನೂ ನೋಡ್ಕೊ' ಅಂತಿದ್ದೆ. ಒಳ್ಳೇ ಕೆಲಸ ಕೊಟ್ಟಿದೀನಿ ಅಂತ್ಲೇ ಅಂದ್ಕೊಂಡಿದ್ದೆ. ಇನ್ನೇನಾದ್ರೂ ಮಾಡಿಸ್ಬೋದಾ ಅಂತ ಒಂದಿನಾನೂ ಯೋಚ್ನೆ ಬರ್ಲಿಲ್ಲ. ಅವಳು ಒಂದಿನಾನೂ ಆಗಲ್ಲ ಅನ್ನಲಿಲ್ಲ."

ಕೆಂಪಿ ನಮ್ಮ ಹತ್ತಿರ ಬಂದು ನಿಂತಿತು.

"ಮಿಸ್, ಇನ್ನೊಂದು ರೌಂಡ್ ಹೋಗ್ಲಾ?" ಎಂದಳು ಗಿರಿಜಾ, ಮೇಲಿನಿಂದ.

"ಹೋಗು ಮಗ, ಎಷ್ಟು ಬೇಕಾದ್ರೂ ಹೋಗು. ನಾನು ಇಲ್ಲೇ ಇರ್ತೀನಿ" ಎಂದರು ಅತ್ತೆ. ಚಪ್ಪಲಿಗೆ ಹತ್ತಿದ್ದ ಹುಲ್ಲಿನ ಎಸಳುಗಳನ್ನು ಒಂದೊಂದಾಗಿ ತೆಗೆದರು. ಬಿಸಿಲು ಏರುತ್ತಿತ್ತು. ಅವಳು ಇಳಿಯುವವರೆಗೂ ಅವರು ಕೂರಲಿಲ್ಲ.